ದಾಸೋಹವೆಂಬ ಶಬ್ದವೂ ಕಂಪನಿ ಕಾಯಿದೆಯೂ

ಈಚಿನ ಹತ್ತು ಹನ್ನೆರಡು ವರ್ಷಗಳಿಂದ ನಮ್ಮ ಸಭೆ ಸಮಾರಂಭಗಳ ಭಾಷಣಗಳಲ್ಲಿಯೂ ಸ್ಮರಣ ಸಂಚಿಕೆಗಳ ಲೇಖನಗಳಲ್ಲಿಯೂ ಒಂದು ಸಮೀಕರಣವು ರೂಢಿಗೆ ಬಂದಿದೆ. ದೊಡ್ಡ ಕಂಪನಿಗಳು ತಮ್ಮ ಲಾಭದಲ್ಲಿ ಶೇಕಡಾ ಎರಡನ್ನು ಸಮಾಜಕಾರ್ಯಕ್ಕೆ ವೆಚ್ಚ ಮಾಡಬೇಕೆಂದು ಭಾರತ ಸರ್ಕಾರವು ವಿಧಿಸಿರುವ ನಿಯಮವು ಹನ್ನೆರಡನೆಯ ಶತಮಾನದ ಶರಣರ ದಾಸೋಹತತ್ತ್ವದ ಆಧುನಿಕ ರೂಪವೆಂಬುದೇ ಆ ಸಮೀಕರಣ. ಹೀಗೆ ಹೇಳುವವರ ಉದ್ದೇಶವನ್ನು ನಾನು ಶಂಕಿಸುವುದಿಲ್ಲ. ಶರಣರ ವಿಚಾರಗಳು ಇಂದಿಗೂ ಸಲ್ಲುತ್ತವೆಂದು ತೋರಿಸುವ ಹಂಬಲ ಅವರದು. ಆದರೆ ಪಾರಿಭಾಷಿಕ ಶಬ್ದವೊಂದನ್ನು ಅದು ಹುಟ್ಟಿ ಬೆಳೆದ ಸಂದರ್ಭದಿಂದ ಎತ್ತಿ ಬೇರೊಂದು ಸಂದರ್ಭಕ್ಕೆ ತಂದು ಕೂರಿಸುವಾಗ ಅದರ ಅರ್ಥದಲ್ಲಿ ಎಷ್ಟು ಉಳಿಯಿತು, ಎಷ್ಟು ಸೋರಿಹೋಯಿತು ಎಂಬುದನ್ನು ನೋಡಬೇಕಾದದ್ದು ಸಾಹಿತ್ಯ ವಿದ್ಯಾರ್ಥಿಗಳ ಕರ್ತವ್ಯ. ಮೂರು ದಶಕ ಶಾಲೆಯಲ್ಲಿ ವ್ಯಾಕರಣ ಹೇಳಿದ ನಾನು ಅರ್ಥಶಾಸ್ತ್ರಜ್ಞನಲ್ಲ, ವಕೀಲನೂ ಅಲ್ಲ. ಆದರೂ ಕಾಯಿದೆಯೂ ಒಂದು ಪಠ್ಯವೇ ಆದುದರಿಂದ, ವಚನಗಳನ್ನು ಓದುವ ಎಚ್ಚರದಿಂದಲೇ ಅದನ್ನು ಓದಿ ನೋಡಿದ್ದೇನೆ.

ಮೊದಲು ಕಾಯಿದೆಯ ಮಾತು. 1956ರ ಕಂಪನಿ ಕಾಯಿದೆಯ ಸ್ಥಾನದಲ್ಲಿ ಬಂದ 2013ರ ಕಾಯಿದೆಯ 135ನೆಯ ಕಲಮು 2014ರ ಏಪ್ರಿಲ್ 1ರಿಂದ ಜಾರಿಯಾಯಿತು. ಯಾವ ಕಂಪನಿಯ ನಿವ್ವಳ ಸಂಪತ್ತು 500 ಕೋಟಿ ರೂಪಾಯಿ, ಇಲ್ಲವೆ ವಾರ್ಷಿಕ ವಹಿವಾಟು 1000 ಕೋಟಿ, ಇಲ್ಲವೆ ನಿವ್ವಳ ಲಾಭ 5 ಕೋಟಿ ಮುಟ್ಟುತ್ತದೆಯೋ ಅದು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಕನಿಷ್ಠ ಶೇಕಡಾ 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸತಕ್ಕದ್ದು. ಯಾವ ಯಾವ ಕಾರ್ಯಗಳೆಂಬುದನ್ನು ಏಳನೆಯ ಅನುಸೂಚಿ ಹೇಳುತ್ತದೆ: ಹಸಿವಿನ ನಿವಾರಣೆ, ವಿದ್ಯೆ, ಆರೋಗ್ಯ, ಪರಿಸರ ಸಂರಕ್ಷಣೆ ಇತ್ಯಾದಿ. ಕಂಪನಿ ಇರುವ ಊರಿಗೆ, ಅದರ ಸುತ್ತಲಿನ ಪ್ರದೇಶಕ್ಕೆ ಆದ್ಯತೆಯಿರಬೇಕು. ಮೊದಲಿಗೆ ಇದು ಮಾಡಿದರೆ ಆಯಿತು, ಮಾಡದಿದ್ದರೆ ಕಾರಣ ತಿಳಿಸಿದರಾಯಿತು ಎಂಬಷ್ಟು ಸಡಿಲವಾಗಿತ್ತು. 2021ರ ಜನವರಿಯಿಂದ ಅದು ಬಿಗಿಯಾಯಿತು. ವೆಚ್ಚವಾಗದೆ ಉಳಿದ ಹಣವನ್ನು ಗೊತ್ತುಪಡಿಸಿದ ಖಾತೆಗೋ ನಿಧಿಗೋ ವರ್ಗಾಯಿಸಬೇಕು, ತಪ್ಪಿದರೆ ದಂಡ ತೆರಬೇಕು. ವ್ಯವಸ್ಥೆಯಾಗಿ ಇದು ಕೆಟ್ಟದ್ದಲ್ಲ. ಕಲಮಿನ ಭಾಷೆಯೂ ಪ್ರಾಮಾಣಿಕವಾಗಿದೆ. ತಾನು ದಾಸೋಹವೆಂದು ಅದು ಎಲ್ಲಿಯೂ ಹೇಳಿಕೊಂಡಿಲ್ಲ. ಆ ಹೆಸರಿಟ್ಟವರು ನಾವು.

ದಾಸೋಹ ಶಬ್ದದ ನಿಷ್ಪತ್ತಿಯನ್ನು ಬಲ್ಲವರಿಗೆ ಹೇಳಬೇಕಾದದ್ದಿಲ್ಲ. 'ದಾಸಃ ಅಹಮ್', ನಾನು ದಾಸನೆಂಬ ಅನುಸಂಧಾನ. ಅವನೇ ನಾನೆಂಬ ಸೋಹಂಭಾವದ ಪಕ್ಕದಲ್ಲಿಟ್ಟು ನೋಡಿದಾಗ ಅದರ ವಿಶೇಷ ತಿಳಿಯುತ್ತದೆ. ಇಲ್ಲಿ ಕೊಡುವ ಕ್ರಿಯೆಗಿಂತ ಕೊಡುವವನ ನೆಲೆ ಮುಖ್ಯವಾದದ್ದು. ದಾನದಲ್ಲಿ ದಾತನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ಈ ಸ್ಥಾನಗಳು ಅದಲುಬದಲಾಗುತ್ತವೆ. ಪಡೆಯುವ ಜಂಗಮನು ಒಡೆಯ, ಕೊಡುವವನು ಆಳು. ಇನ್ನೊಂದು ವ್ಯತ್ಯಾಸ ಕ್ರಮಕ್ಕೆ ಸಂಬಂಧಪಟ್ಟದ್ದು. ದಾಸೋಹಿಯು ಮೊದಲು ಸಲ್ಲಿಸುತ್ತಾನೆ, ಉಳಿದದ್ದನ್ನು ಪ್ರಸಾದವೆಂದು ಸ್ವೀಕರಿಸುತ್ತಾನೆ. 135ನೆಯ ಕಲಮಿನಲ್ಲಿ ಮೊದಲು ಲಾಭ ನಿಶ್ಚಯವಾಗಬೇಕು, ಅದೂ ಮೂರು ವರ್ಷದ ಸರಾಸರಿ. ಆಮೇಲೆ ಅದರ ಐವತ್ತನೆಯ ಒಂದು ಭಾಗ. ಉಳಿದ ನಲವತ್ತೊಂಬತ್ತು ಭಾಗಗಳು ಎಲ್ಲಿಂದ ಬಂದವೆಂಬ ಪ್ರಶ್ನೆಯನ್ನು ಈ ಕಲಮು ಕೇಳುವುದಿಲ್ಲ. ಕೇಳುವ ಕಲಮುಗಳು, ಕಾಯಿದೆಗಳು ಬೇರೆ ಇವೆ. ಅವುಗಳ ಮಾತನ್ನು ಮುಂದೆ ಹೇಳುತ್ತೇನೆ. ಗ್ರಾಮವೊಂದರ ಶಾಲೆಗೆ ಬಂದ ಬೆಂಚುಗಳ ಬೆನ್ನ ಮೇಲೆ ಶಾಲೆಯ ಹೆಸರಿಗಿಂತ ಎರಡು ಪಾಲು ದೊಡ್ಡ ಅಕ್ಷರದಲ್ಲಿ ಕೊಟ್ಟವರ ಹೆಸರು ಬರೆದದ್ದನ್ನು ಕಂಡಿದ್ದೇನೆ. ಮಕ್ಕಳಿಗೆ ಬೆಂಚು ಬೇಕಾಗಿತ್ತು, ಬಂತು, ಸಂತೋಷ. ಅದನ್ನು ದಾಸೋಹವೆಂದು ಕರೆಯುವಾಗ ಮಾತ್ರ ನಾಲಿಗೆ ತಡವರಿಸುತ್ತದೆ.

ಆದರೆ ನಿಜವಾದ ಅಂತರವಿರುವುದು ಇದಕ್ಕಿಂತ ಒಳಗೆ. ಈ ಕಲಮಿಗೆ ಸಂಬಂಧಿಸಿದ ನಿಯಮಗಳಲ್ಲಿ ಒಂದು ಸಣ್ಣ ವಾಕ್ಯವಿದೆ. ಅವಸರದಲ್ಲಿ ಓದಿದರೆ ಕಣ್ಣಿಗೆ ಬೀಳುವುದಿಲ್ಲ. ಕಂಪನಿಯು ತನ್ನ ಸಾಮಾನ್ಯ ವ್ಯವಹಾರದ ಅಂಗವಾಗಿ ಮಾಡಿದ ಕೆಲಸವನ್ನು ಈ ಸಮಾಜಕಾರ್ಯದ ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲವೆಂದು ಅದರ ತಾತ್ಪರ್ಯ. ಕೋವಿಡ್ ಕಾಲದಲ್ಲಿ ಔಷಧ ಸಂಶೋಧನೆಗಾಗಿ ಕೊಟ್ಟ ತಾತ್ಕಾಲಿಕ ವಿನಾಯಿತಿಯನ್ನು ಬಿಟ್ಟರೆ ಈ ನಿಬಂಧನೆ ಹಾಗೆಯೇ ನಿಂತಿದೆ. ಲೆಕ್ಕಪತ್ರದ ದೃಷ್ಟಿಯಿಂದ ಇದು ಸರಿ. ಇಲ್ಲದಿದ್ದರೆ ವ್ಯಾಪಾರದ ಖರ್ಚನ್ನೇ ಪರೋಪಕಾರವೆಂದು ತೋರಿಸುವವರು ಹುಟ್ಟಿಕೊಳ್ಳುತ್ತಿದ್ದರು. ಶರಣರ ವಿಚಾರದ ದೃಷ್ಟಿಯಿಂದ ನೋಡಿದರೋ, ಈ ಒಂದು ವಾಕ್ಯವೇ ಸಮೀಕರಣವನ್ನು ಮುರಿಯುತ್ತದೆ. ದುಡಿಮೆ ಒಂದು ಕೋಣೆ, ಸಮಾಜಹಿತ ಇನ್ನೊಂದು ಕೋಣೆ, ನಡುವೆ ಗೋಡೆ. ಶರಣರಲ್ಲಿ ಕಾಯಕಕ್ಕೂ ದಾಸೋಹಕ್ಕೂ ನಡುವೆ ಅಂಥ ಗೋಡೆಯಿಲ್ಲ. ಸತ್ಯಶುದ್ಧ ಕಾಯಕದಿಂದ ಬಂದದ್ದು ಮಾತ್ರ ದಾಸೋಹಕ್ಕೆ ಸಲ್ಲುತ್ತದೆ. ಕಾಯಕ ಕೆಟ್ಟರೆ ಅದರ ಮೇಲೆ ಎಷ್ಟು ದೊಡ್ಡ ಪಂಕ್ತಿ ಹಾಕಿಸಿದರೂ ಅದು ದಾಸೋಹವಾಗದು. ಶುದ್ಧಿಯ ಪರೀಕ್ಷೆ ನಡೆಯುವುದು ಕೊಡುವ ಬಾಗಿಲಲ್ಲಿ ಅಲ್ಲ, ಗಳಿಸುವ ಬಾಗಿಲಲ್ಲಿ.

ಹಾಗಾದರೆ ಕಂಪನಿಯ ಗಳಿಕೆಯ ಬಾಗಿಲಲ್ಲಿ ನಿಂತು ಪರೀಕ್ಷಿಸುವವರು ಯಾರು? ಶರಣನಿಗೆ ಅವನ ಅಂತಃಸಾಕ್ಷಿ, ಅನುಭವಮಂಟಪದ ಸಹಶರಣರು, ಮನೆಯ ಮಡದಿ. ಕಂಪನಿಗೆ ಇವರಾರೂ ಇಲ್ಲ. ಕಾಯಕವು 'ಕಾಯ' ಶಬ್ದದಿಂದ ಬಂದದ್ದು. ಕಂಪನಿಗೆ ಕಾಯವೇ ಇಲ್ಲ. ಅದು ಕಾನೂನು ಸೃಷ್ಟಿಸಿದ ಕೃತಕ ವ್ಯಕ್ತಿ. ಒಡೆಯರಿಂದ ಅದು ಬೇರೆಯೆಂದು ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1896ರಲ್ಲಿ ಸಾಲೊಮನ್ ಮೊಕದ್ದಮೆಯಲ್ಲಿ ತೀರ್ಪಿತ್ತದ್ದು ಇಂದಿಗೂ ಕಂಪನಿ ಕಾನೂನಿನ ಬುನಾದಿ. ನಮ್ಮ ದೇಶದಲ್ಲಿ ಪಾಲುದಾರರ ಹೊಣೆಗೆ ಮಿತಿ ಹಾಕುವ ಸೌಲಭ್ಯ 1857ರ ಕಾಯಿದೆಯಿಂದ ಬಂತು. ಅಂದರೆ ಕಂಪನಿ ಮುಳುಗಿದರೆ ಪಾಲುದಾರನು ಹಾಕಿದ ಹಣವಷ್ಟೇ ಹೋಗುತ್ತದೆ, ಅವನ ಮನೆ ಹೊಲ ಉಳಿಯುತ್ತವೆ. ಬೀದಿ ಬದಿಯಲ್ಲಿ ಕಡಲೆಕಾಯಿ ಮಾರುವವಳಿಗೆ ಈ ರಕ್ಷೆಯಿಲ್ಲ. ಸಾಲ ತೀರದಿದ್ದರೆ ಅವಳ ತಕ್ಕಡಿಯೂ ಹೋಗುತ್ತದೆ. ಇಷ್ಟು ದೊಡ್ಡ ವರವನ್ನು ಕೊಟ್ಟು ಹುಟ್ಟಿಸಿದ ಸರ್ಕಾರಕ್ಕೆ ಲೆಕ್ಕ ಕೇಳುವ ಅಧಿಕಾರ ಎಲ್ಲಿಂದ ಬಂತೆಂದು ಕೆಲವರು ಕೇಳುತ್ತಾರೆ. ವರ ಕೊಟ್ಟಲ್ಲಿಂದಲೇ ಬಂತು.

ಈ ಮಾತಿಗೆ ನಿದರ್ಶನವನ್ನು ಹೊರಗೆ ಹುಡುಕಬೇಕಾಗಿಲ್ಲ. ಬಳ್ಳಾರಿಯ ಕಬ್ಬಿಣದ ಅದಿರಿನ ಕಥೆ ನಮ್ಮ ಕಣ್ಣೆದುರೇ ನಡೆದದ್ದು. ಈ ಶತಮಾನದ ಮೊದಲ ದಶಕದಲ್ಲಿ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಟನ್ನಿಗೆ ಸಾವಿರಾರು ರೂಪಾಯಿಗೆ ಏರಿತ್ತು. ಭೂಮಿಯ ಸೊತ್ತಿಗೆ ಪ್ರತಿಯಾಗಿ ಸರ್ಕಾರಕ್ಕೆ ಸಲ್ಲುತ್ತಿದ್ದ ರಾಜಧನವಾದರೋ ಟನ್ನಿಗೆ ಮೂವತ್ತು ರೂಪಾಯಿಯೊಳಗೆ ಇತ್ತು. 2009ರ ಆಗಸ್ಟಿನಲ್ಲಿ ಅದನ್ನು ಬೆಲೆಯ ಶೇಕಡಾ 10ಕ್ಕೆ ಕಟ್ಟುವವರೆಗೆ ಹೀಗೆಯೇ ನಡೆಯಿತು. ಆ ಕಾಲದಲ್ಲಿ ದಾನಧರ್ಮಗಳಿಗೇನೂ ಕೊರತೆಯಿರಲಿಲ್ಲ. ಸಾಮೂಹಿಕ ವಿವಾಹಗಳು ನಡೆದವು, ಗುಡಿಗಳ ಜೀರ್ಣೋದ್ಧಾರವಾಯಿತು. 2009ರಲ್ಲಿ ಗಣಿ ಉದ್ಯಮಿಯೊಬ್ಬರು ತಿರುಪತಿಯ ದೇವರಿಗೆ ವಜ್ರಖಚಿತ ಕಿರೀಟವನ್ನು ಒಪ್ಪಿಸಿದರು. ಅದರ ಬೆಲೆ ನಲವತ್ತು ಕೋಟಿ ರೂಪಾಯಿಗೂ ಮಿಗಿಲೆಂದು ಪತ್ರಿಕೆಗಳು ಬರೆದವು. ಇತ್ತ ಸಂಡೂರಿನ ಬೆಟ್ಟಗಳು ಬೋಳಾದವು. ಲಾರಿಗಳ ಕೆಂಧೂಳು ಹತ್ತಿ ಮೆಣಸಿನಕಾಯಿ ಬೆಳೆಗಳ ಮೇಲೆ ಕೂತಿತು. 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಅಧಿಕಾರಿಗಳು ವಶಪಡಿಸಿಕೊಂಡು ಇಟ್ಟಿದ್ದ ಅದಿರೇ ರಾಶಿರಾಶಿಯಾಗಿ ಕಾಣೆಯಾಯಿತು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು 2011ರ ಜುಲೈಯಲ್ಲಿ ಒಪ್ಪಿಸಿದ ವರದಿ ರಾಜ್ಯದ ಬೊಕ್ಕಸಕ್ಕಾದ ನಷ್ಟವನ್ನು 16,000 ಕೋಟಿ ರೂಪಾಯಿಗೂ ಹೆಚ್ಚೆಂದು ಅಂದಾಜು ಮಾಡಿತು.

ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2011ರ ಜುಲೈ 29ರಂದು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಮೇಲೆ ನಡೆದದ್ದನ್ನು ಗಮನವಿಟ್ಟು ನೋಡಬೇಕು. ಪ್ರತಿಯೊಂದು ಗುತ್ತಿಗೆಯ ಗಡಿಯನ್ನೂ ಅಳತೆ ಮಾಡಿಸಿ ಎ, ಬಿ, ಸಿ ಎಂದು ವರ್ಗ ಮಾಡಲಾಯಿತು. ಗಡಿ ಮೀರಿ ಅಗೆದ ಸಿ ವರ್ಗದ ಗುತ್ತಿಗೆಗಳು 2013ರ ಏಪ್ರಿಲಿನ ತೀರ್ಪಿನಲ್ಲಿ ರದ್ದಾದವು. ಉಳಿದವರು ನೆಲದ ಪುನಶ್ಚೇತನಕ್ಕೆ ಯೋಜನೆ ಒಪ್ಪಿಸಿದ ಹೊರತು ಗುದ್ದಲಿ ಎತ್ತುವಂತಿರಲಿಲ್ಲ. ವರ್ಷಕ್ಕೆ ಇಷ್ಟೇ ತೆಗೆಯಬೇಕೆಂಬ ಮಿತಿ, ಮಾರಾಟವೆಲ್ಲ ಬಹಿರಂಗ ಹರಾಜಿನಲ್ಲಿ. 2022ರಲ್ಲಿ ಹರಾಜಿನ ಕಟ್ಟನ್ನೂ ಉತ್ಪಾದನೆಯ ಮಿತಿಯನ್ನೂ ಸಡಿಲಿಸಲಾಯಿತು. ಅದು ಸರಿಯೇ ಅಲ್ಲವೇ ಎಂಬ ಚರ್ಚೆ ಬೇರೆ. ನನಗೆ ಮುಖ್ಯವೆನಿಸುವುದು ಇದು: ಈ ಕ್ರಮಗಳಲ್ಲಿ ಒಂದಾದರೂ ಕೊಡುವುದಕ್ಕೆ ಸಂಬಂಧಿಸಿದ್ದಲ್ಲ. ಎಲ್ಲವೂ ತೆಗೆಯುವುದಕ್ಕೆ, ತೂಗುವುದಕ್ಕೆ, ಸಾಗಿಸುವುದಕ್ಕೆ, ಮಾರುವುದಕ್ಕೆ ಸಂಬಂಧಿಸಿದವು. ಲೂಟಿಯ ವರ್ಷಗಳಲ್ಲಿ ದಾನ ಹೇರಳವಾಗಿತ್ತು, ತೂಕವಿರಲಿಲ್ಲ. 2014ಕ್ಕಿಂತ ಹತ್ತು ವರ್ಷ ಮೊದಲೇ ಶೇಕಡಾ ಎರಡರ ನಿಯಮ ಇದ್ದಿದ್ದರೂ ಬಳ್ಳಾರಿಯ ಒಂದು ಬೆಟ್ಟವೂ ಉಳಿಯುತ್ತಿರಲಿಲ್ಲವೆಂದೇ ನನ್ನ ಅಭಿಪ್ರಾಯ. ಬಹುಶಃ ಇನ್ನಷ್ಟು ಬೆಂಚುಗಳು ಬರುತ್ತಿದ್ದವು.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಶರಣರು ಅಂತರಂಗದ ಶುದ್ಧಿಯನ್ನು ಹೇಳಿದವರು, ರಾಜಶಾಸನವನ್ನಲ್ಲ. ಸರ್ಕಾರದ ಕಾವಲನ್ನು ಅವರ ಹೆಸರಿನಲ್ಲಿ ಸಮರ್ಥಿಸುವುದೂ ಅಷ್ಟೇ ತಪ್ಪಲ್ಲವೇ? ಈ ಆಕ್ಷೇಪವನ್ನು ಎತ್ತುವವರು ಶರಣರ ಪಟ್ಟಿಯನ್ನು ಇನ್ನೊಮ್ಮೆ ನೋಡಬೇಕು. ಅದರಲ್ಲಿ ಸುಂಕದ ಬಂಕಣ್ಣನಿದ್ದಾನೆ, ತಳವಾರ ಕಾಮಿದೇವನಿದ್ದಾನೆ. ವ್ಯಾಪಾರಿಯ ಹೇರನ್ನು ತಡೆದು ಸುಂಕ ಎತ್ತುವುದೂ ಊರ ಕಾವಲು ಕಾಯುವುದೂ ಮಡಿವಾಳನ, ಅಂಬಿಗನ ಕೆಲಸದಂತೆಯೇ ಕಾಯಕಗಳೆಂದು ಎಣಿಸಲ್ಪಟ್ಟಿದ್ದವು. ಅವರ ಹೆಸರಿನೊಂದಿಗೆ ಆ ಕಾಯಕಗಳು ಗೌರವದಿಂದಲೇ ಉಳಿದುಬಂದಿವೆ. ಬಸವಣ್ಣನವರೇ ಕಲಚುರಿ ಬಿಜ್ಜಳನ ಭಂಡಾರಿಗಳು.

ಅವರ ಭಂಡಾರದ ಪ್ರಸಂಗವನ್ನು ನಾವು ಓದುವ ರೀತಿಯ ಬಗ್ಗೆಯೂ ಒಂದು ಮಾತು ಹೇಳದಿರಲಾಗದು. ಬಸವಪುರಾಣದ ಪರಂಪರೆಯಲ್ಲಿ, 1369ರಲ್ಲಿ ಭೀಮಕವಿ ರಚಿಸಿದ ಕನ್ನಡ ಕಾವ್ಯದವರೆಗೂ ಹರಿದುಬಂದ ಆ ಕಥೆ ಎಲ್ಲರಿಗೂ ಗೊತ್ತು. ಅರಮನೆಯ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಹೊಟ್ಟೆಕಿಚ್ಚಿನವರು ದೂರಿತ್ತರು. ಬಿಜ್ಜಳನು ಲೆಕ್ಕ ಕೇಳಿದನು. ಎಣಿಸಿದಾಗ ಒಂದು ಹಣವೂ ಕಡಿಮೆಯಾಗಿರಲಿಲ್ಲ. ಪುರಾಣಪ್ರವಚನಕಾರರು ಈ ಕಡೆಯ ಪವಾಡದ ಮೇಲೆಯೇ ಧ್ವನಿಯೇರಿಸುತ್ತಾರೆ, ಕೇಳುವವರೂ ಅಲ್ಲಿಯೇ ಕೈಮುಗಿಯುತ್ತಾರೆ. ಪವಾಡಕ್ಕೆ ಮೊದಲು ನಡೆದದ್ದರ ಕಡೆ ಗಮನ ಹರಿಯುವುದು ಕಡಿಮೆ. ಭಕ್ತಿಭಂಡಾರಿಯು ತನ್ನ ಭಕ್ತಿಯನ್ನು ಮುಂದೊಡ್ಡಿ ಲೆಕ್ಕದಿಂದ ವಿನಾಯಿತಿ ಕೇಳಲಿಲ್ಲ. ನಾನು ಇಷ್ಟು ಜನರಿಗೆ ಉಣಿಸುತ್ತಿರುವಾಗ ನನ್ನ ಪೆಟ್ಟಿಗೆಯನ್ನು ತೆರೆಸುವುದೇ ಎಂದು ಮುನಿಯಲಿಲ್ಲ. ಎಣಿಕೆಗೆ ಒಪ್ಪಿದರು. ದೂರು ಕೊಟ್ಟವರು ಅಸೂಯಾಪರರೆಂಬುದು ಗೊತ್ತಿದ್ದೂ ಒಪ್ಪಿದರು. ದಾಸೋಹಕ್ಕೂ ಲೆಕ್ಕಪರಿಶೋಧನೆಗೂ ವಿರೋಧವಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ನಮ್ಮ ಸಾಹಿತ್ಯದಲ್ಲಿ ನನಗೆ ಕಂಡಿಲ್ಲ. 2009ರ ಜನವರಿಯಲ್ಲಿ ಸತ್ಯಂ ಕಂಪನಿಯ ಅಧ್ಯಕ್ಷರೇ ತಮ್ಮ ಲೆಕ್ಕಪತ್ರದಲ್ಲಿ ಸಾವಿರಾರು ಕೋಟಿ ರೂಪಾಯಿ ಇಲ್ಲದ ಹಣವನ್ನು ತೋರಿಸಿರುವುದಾಗಿ ಒಪ್ಪಿಕೊಂಡಾಗ, ಪೆಟ್ಟಿಗೆ ತೆರೆದು ಎಣಿಸಬೇಕಾಗಿದ್ದ ಲೆಕ್ಕಪರಿಶೋಧಕರು ವರ್ಷಗಟ್ಟಲೆ ಅದಕ್ಕೆ ಸಹಿ ಹಾಕುತ್ತ ಬಂದಿದ್ದರು. ಪರಿಶೋಧಕರನ್ನೇ ಪರಿಶೋಧಿಸುವ ರಾಷ್ಟ್ರೀಯ ಪ್ರಾಧಿಕಾರವೊಂದು ಸ್ಥಾಪನೆಯಾಗಲು 2018 ಬರಬೇಕಾಯಿತು.

ಸರ್ಕಾರದ ಕಾವಲಿನ ಇತಿಹಾಸವೂ ನಿಷ್ಕಳಂಕವಲ್ಲವೆಂಬುದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಸಂಪತ್ತು ಕೆಲವರಲ್ಲಿಯೇ ಕೇಂದ್ರೀಕೃತವಾಗಿ ಜನಹಿತಕ್ಕೆ ಬಾಧೆಯಾಗಬಾರದೆಂದು ಸಂವಿಧಾನದ 39ನೆಯ ಅನುಚ್ಛೇದ ಹೇಳುತ್ತದೆ. ಅದನ್ನು ನಡೆಸಲೆಂದೇ ಬಂದ ಲೈಸೆನ್ಸು ಪದ್ಧತಿ ಏನಾಯಿತೆಂಬುದನ್ನು 1969ರಲ್ಲಿ ಸುಬಿಮಲ್ ದತ್ತರ ಸಮಿತಿ ಬಯಲು ಮಾಡಿತು: ದೊಡ್ಡ ಮನೆತನಗಳೇ ಲೈಸೆನ್ಸುಗಳನ್ನು ಮುಂಚಿತವಾಗಿ ಬಾಚಿಕೊಂಡು ಇತರರಿಗೆ ದಾರಿ ಕಟ್ಟಿದ್ದವು. ಅದೇ ವರ್ಷ ಏಕಸ್ವಾಮ್ಯ ನಿಯಂತ್ರಣ ಕಾಯಿದೆ ಬಂತು. ಅದು ಕಂಪನಿಯ ಗಾತ್ರವನ್ನೇ ಅಪರಾಧವೆಂಬಂತೆ ನೋಡಿತು, ನಡತೆಯನ್ನು ಅಷ್ಟಾಗಿ ನೋಡಲಿಲ್ಲ. 1991ರಲ್ಲಿ ಆ ಗಾತ್ರದ ನಿರ್ಬಂಧ ಹೋಯಿತು. 2002ರ ಸ್ಪರ್ಧಾ ಕಾಯಿದೆ ಅದರ ಸ್ಥಾನಕ್ಕೆ ಬಂದು ದೊಡ್ಡದಾಗಿರುವುದಕ್ಕೂ ದೊಡ್ಡತನವನ್ನು ದುರುಪಯೋಗ ಮಾಡುವುದಕ್ಕೂ ಭೇದ ಮಾಡಿತು. ಇದು ನನ್ನ ದೃಷ್ಟಿಯಲ್ಲಿ ಸರಿಯಾದ ಹೆಜ್ಜೆ. ಕಾಯಕವಿಚಾರಕ್ಕೆ ಹತ್ತಿರವಾದದ್ದೂ ಹೌದು, ಏಕೆಂದರೆ ಕೇಳುವ ಪ್ರಶ್ನೆ ಎಷ್ಟು ಗಳಿಸಿದೆಯೆಂಬುದಲ್ಲ, ಹೇಗೆ ಗಳಿಸಿದೆಯೆಂಬುದು. ಹಾಗೆಯೇ 2013ರ ಕಾಯಿದೆಯ 166ನೆಯ ಕಲಮು ನಿರ್ದೇಶಕರು ಪಾಲುದಾರರ ಜೊತೆಗೆ ನೌಕರರ, ಸಮುದಾಯದ, ಪರಿಸರದ ಹಿತವನ್ನೂ ಲಕ್ಷ್ಯದಲ್ಲಿಟ್ಟು ನಡೆಯತಕ್ಕದ್ದೆಂದು ಹೇಳುತ್ತದೆ. ಕಾಯಿದೆಯಲ್ಲಿ ಕಾಯಕಶುದ್ಧಿಗೆ ಸಮೀಪದ ಮಾತನ್ನು ಹುಡುಕುವವರು 135ನ್ನು ಬಿಟ್ಟು ಇಲ್ಲಿಗೆ ಬರಬೇಕಾಗಿತ್ತು. ಯಾವ ಭಾಷಣದಲ್ಲಿಯೂ ಇದರ ಉಲ್ಲೇಖವನ್ನು ನಾನು ಕೇಳಿಲ್ಲ. ಫೋಟೋ ತೆಗೆಸಿಕೊಳ್ಳಲು ಇಲ್ಲಿ ಏನೂ ಇಲ್ಲದಿರುವುದೇ ಕಾರಣವಿರಬಹುದು.

ಕಾವಲುಗಾರನೂ ಲೆಕ್ಕ ಕೊಡಬೇಕೆಂಬುದಕ್ಕೆ 1957ರ ಮುಂದ್ರಾ ಪ್ರಕರಣ ಒಳ್ಳೆಯ ಪಾಠ. ಆಗಷ್ಟೇ ಹುಟ್ಟಿದ್ದ ಜೀವ ವಿಮಾ ನಿಗಮವು ಹರಿದಾಸ ಮುಂದ್ರಾ ಎಂಬ ಉದ್ಯಮಿಯ ಆರು ಕಂಪನಿಗಳ ಷೇರುಗಳನ್ನು ಸುಮಾರು ಒಂದೂಕಾಲು ಕೋಟಿ ರೂಪಾಯಿ ಕೊಟ್ಟು ಕೊಂಡಿತು. ತನ್ನ ಹೂಡಿಕೆ ಸಮಿತಿಯನ್ನು ಕೇಳಲೂ ಇಲ್ಲ. ಪ್ರಶ್ನೆಯೆತ್ತಿದವರು ಆಳುವ ಪಕ್ಷದವರೇ ಆದ ಫಿರೋಜ್ ಗಾಂಧಿಯವರು. ನ್ಯಾಯಮೂರ್ತಿ ಛಾಗ್ಲಾ ಅವರು ವಿಚಾರಣೆಯನ್ನು ಬಹಿರಂಗವಾಗಿ ನಡೆಸಿ ಕೆಲವೇ ವಾರಗಳಲ್ಲಿ ವರದಿಯಿತ್ತರು. ಅರ್ಥಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರು 1958ರ ಫೆಬ್ರವರಿಯಲ್ಲಿ ರಾಜೀನಾಮೆ ಕೊಟ್ಟರು. ಗಾಂಧೀಜಿಯವರ ಧರ್ಮದರ್ಶಿತ್ವದ ವಿಚಾರವನ್ನು ಸರ್ಕಾರದ ನಿಯಂತ್ರಣಕ್ಕೆ ಪ್ರತಿಯಾಗಿ ನಿಲ್ಲಿಸುವವರೂ ಉಂಟು. ಶ್ರೀಮಂತನ ಮನಃಪರಿವರ್ತನೆಯೇ ಸಾಕು, ಕಾನೂನು ಬೇಡವೆಂದು. ಆದರೆ ಗಾಂಧೀಜಿ ತಿದ್ದಿ ಒಪ್ಪಿದ, 1952ರಲ್ಲಿ 'ಹರಿಜನ' ಪತ್ರಿಕೆಯಲ್ಲಿ ಅಚ್ಚಾದ ಆ ತತ್ತ್ವದ ಕರಡಿನಲ್ಲಿಯೇ ಸಂಪತ್ತಿನ ಒಡೆತನವನ್ನೂ ಬಳಕೆಯನ್ನೂ ಶಾಸನದ ಮೂಲಕ ನಿಯಂತ್ರಿಸಲು ಅವಕಾಶವಿಟ್ಟಿದೆ. ಇದನ್ನು ಬಿಟ್ಟು ಉಳಿದದ್ದನ್ನಷ್ಟೇ ಹೇಳುವುದು ಅರ್ಧಪಾಠ.

ಕಡೆಯದಾಗಿ, ಸ್ವೀಕರಿಸುವವರ ವಿಚಾರ. ಇದನ್ನು ಮಠದ ಪತ್ರಿಕೆಯಲ್ಲಿ ಬರೆಯುವುದು ಸಂಕೋಚದ ಕೆಲಸ, ಬರೆಯದಿರುವುದು ಇನ್ನೂ ಸಂಕೋಚದ್ದು. ಏಳನೆಯ ಅನುಸೂಚಿಯಲ್ಲಿ ವಿದ್ಯೆಯೂ ಆರೋಗ್ಯವೂ ಇರುವುದರಿಂದ ಧಾರ್ಮಿಕ ಸಂಸ್ಥೆಗಳು ನಡೆಸುವ ಶಾಲೆ, ವಿದ್ಯಾರ್ಥಿನಿಲಯ, ಆಸ್ಪತ್ರೆಗಳಿಗೂ ಈ ಹಣ ಬರಬಹುದು. ಬರುವುದು ತಪ್ಪಲ್ಲ, ಬಡ ಮಕ್ಕಳ ಅನ್ನ ವಿದ್ಯೆಗಳಿಗೆ ಹಣ ಬೇಕು. ಆದರೆ ಬಂದ ಹಣಕ್ಕೆ ನಾವೇ ಮುಂದಾಗಿ ದಾಸೋಹವೆಂದು ಹೆಸರಿಟ್ಟರೆ ಕೊಟ್ಟವನ ಕಾಯಕಕ್ಕೆ ಶುದ್ಧಿಪತ್ರ ಬರೆದುಕೊಟ್ಟಂತಾಗುತ್ತದೆ. ನದಿಗೆ ವಿಷ ಬಿಡುವವನೂ ಕೂಲಿಯನ್ನು ಕಡಿತ ಮಾಡುವವನೂ ಆ ಪತ್ರಕ್ಕೆ ಕಟ್ಟುಹಾಕಿಸಿ ತನ್ನ ಕಚೇರಿಯ ಗೋಡೆಗೆ ತೂಗುಹಾಕಬಲ್ಲ. ಅದನ್ನು ಕಂಡ ತನಿಖಾಧಿಕಾರಿಯ ಕೈ ಒಂದಿಷ್ಟು ಹಿಂಜರಿಯಲೂಬಹುದು.

ಶೂನ್ಯಸಂಪಾದನೆಯನ್ನು ಪಠ್ಯವಾಗಿ ಓದುವ ವಿದ್ಯಾರ್ಥಿಗಳು ಆಯ್ದಕ್ಕಿ ಮಾರಯ್ಯನ ಪ್ರಸಂಗವನ್ನು ಮತ್ತೆ ತೆರೆದು ನೋಡಲಿ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದನು. ಅದು ಕದ್ದದ್ದಲ್ಲ, ಕಾನೂನಿನ ಪ್ರಕಾರ ನೋಡಿದರೆ ಯಾವ ದೋಷವೂ ಇರಲಿಲ್ಲ. ಲಕ್ಕಮ್ಮನು ಅಕ್ಕಿಯ ರಾಶಿಯನ್ನು ಕಂಡಳು, ಅದು ನಿತ್ಯದ ಪ್ರಮಾಣವಲ್ಲವೆಂದು ಗುರುತಿಸಿದಳು, ಹೆಚ್ಚಾದದ್ದನ್ನು ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಕಳುಹಿಸಿದಳು. ಈ ಪ್ರಸಂಗವನ್ನು ಅಪರಿಗ್ರಹದ ನಿದರ್ಶನವೆಂದು ವಿವರಿಸುವುದು ವಾಡಿಕೆ. ಲಕ್ಕಮ್ಮನ ಕಣ್ಣು ಅಳತೆಗಾರ್ತಿಯ ಕಣ್ಣೆಂಬುದನ್ನೂ ವಿವರಿಸಬೇಕು. ನಿತ್ಯದ ಪ್ರಮಾಣ ಎಷ್ಟೆಂಬುದು ಅವಳಿಗೆ ತಿಳಿದಿತ್ತು. ತಿಳಿಯದಿದ್ದರೆ ಹೆಚ್ಚಾದದ್ದು ಕಾಣುತ್ತಲೇ ಇರಲಿಲ್ಲ. ಪಡೆಯುವ ಮನೆಯೂ ಪ್ರಮಾಣವನ್ನು ಬಲ್ಲದ್ದಾಗಿರಬೇಕೆಂಬ ಈ ಅಂಶ ನಮ್ಮ ವ್ಯಾಖ್ಯಾನಗಳಲ್ಲಿ ಬಿಟ್ಟುಹೋಗಿದೆ.

ಇನ್ನು 135ನೆಯ ಕಲಮಿನ ವೆಚ್ಚಕ್ಕೆ ಕನ್ನಡದಲ್ಲಿ ಏನೆಂದು ಹೆಸರಿಡೋಣವೆಂದರೆ, ಕಷ್ಟಪಡಬೇಕಾಗಿಲ್ಲ. ಪತ್ರಿಕೆಗಳು ಬಳಸುತ್ತಿರುವ 'ಸಾಮಾಜಿಕ ಹೊಣೆಗಾರಿಕೆ' ಉದ್ದವಾದರೂ ಅರ್ಥವಾಗುತ್ತದೆ. ಆದರೆ ಕಂಪನಿಯ ಹೊಣೆಯೆಲ್ಲ ಈ ಶೇಕಡಾ ಎರಡರಲ್ಲಿಯೇ ಮುಗಿಯಿತೆಂಬ ಭ್ರಮೆಗೆ ಅದರಲ್ಲಿಯೂ ಎಡೆಯಿದೆ. 'ಶಾಸನವಿಹಿತ ಸಮಾಜವೆಚ್ಚ' ಎಂದರೆ ಇದ್ದದ್ದನ್ನು ಇದ್ದಂತೆ ಹೇಳಿದಂತಾಗುತ್ತದೆ. ಅದು ಭಾಷಣಕ್ಕೆ ಒರಟೆನಿಸಿದರೆ 'ಕಾಯಿದೆಯ ಪಾಲು' ಎನ್ನಬಹುದು. ಈ ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ, ದಾಸೋಹ ಶಬ್ದವು ವಚನಕೋಶಗಳಲ್ಲಿ ಈಗಿರುವ ಅರ್ಥದಲ್ಲಿಯೇ ಉಳಿದು ನಮ್ಮ ವಿದ್ಯಾರ್ಥಿಗಳ ಕೈಗೆ ಸೇರುತ್ತದೆ.